ಒಂದೇ ದ್ವೀಪ, ಎರಡು ಹಸಿರು ಗಿಳಿ: ಸೀಶೆಲ್ಸ್‌ನಲ್ಲಿ ನಡೆದದ್ದೇನು?

ಎರಡು ಮೂರು ವರ್ಷಗಳಿಂದ ಪತ್ರಿಕೆಗಳಲ್ಲಿ ಒಂದಕ್ಕೊಂದು ಹೊಂದದ ಸುದ್ದಿಗಳು ಅಕ್ಕಪಕ್ಕದಲ್ಲೇ ಬರುತ್ತಿವೆ. ಡೋಡೊ ಹಕ್ಕಿಯನ್ನು ಮರಳಿ ತರುವುದಾಗಿ ಅಮೆರಿಕದ ಕೊಲಾಸಲ್ ಬಯೋಸೈನ್ಸಸ್ ಕಂಪನಿ 2023ರಲ್ಲಿ ಘೋಷಿಸಿತು. 2025ರ ಏಪ್ರಿಲ್‌ನಲ್ಲಿ ಅದೇ ಕಂಪನಿ ಮೂರು ಬಿಳಿ ಮರಿಗಳನ್ನು ತೋರಿಸಿ, ಸಾವಿರಾರು ವರ್ಷಗಳ ಹಿಂದೆ ಅಳಿದ ಡೈರ್ ತೋಳ ಮತ್ತೆ ಹುಟ್ಟಿದೆ ಎಂದಿತು. ಅದಾದ ಆರೇ ತಿಂಗಳಿಗೆ ತೆಳುಕೊಕ್ಕಿನ ಕರ್ಲ್ಯೂ ಎಂಬ ವಲಸೆ ಹಕ್ಕಿ ಶಾಶ್ವತವಾಗಿ ಅಳಿದಿದೆ ಎಂದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ತನ್ನ ಕೆಂಪು ಪಟ್ಟಿಯಲ್ಲಿ ದಾಖಲಿಸಿತು. ಆ ಹಕ್ಕಿಯನ್ನು ಖಚಿತವಾಗಿ ಕೊನೆಯ ಬಾರಿ ಕಂಡದ್ದು 1995ರಲ್ಲಿ, ಮೊರಾಕ್ಕೊದಲ್ಲಿ. ಇವನ್ನೆಲ್ಲ ಓದಿದವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುತ್ತದೆ: ಅಳಿವು ಎಂದರೆ ಕೊನೆಯೇ, ಅಲ್ಲವೇ?

ಇದಕ್ಕೆ ಉತ್ತರ ಹುಡುಕಲು ಡೋಡೊಗಿಂತ ಕಡಿಮೆ ಹೆಸರಾದ ಹಕ್ಕಿಯೊಂದು ಹೆಚ್ಚು ನೆರವಾಗುತ್ತದೆ. ಡೋಡೊ ಈಗ ಅರ್ಧ ಕಥೆ, ಅರ್ಧ ಗಾದೆ. ಸೀಶೆಲ್ಸ್ ಗಿಳಿ ಹಾಗಲ್ಲ. ಅದು ಹೇಗಿತ್ತು, ಏನು ತಿನ್ನುತ್ತಿತ್ತು, ಯಾರು ಏಕೆ ಕೊಂದರು ಎಂಬುದೆಲ್ಲ ದಾಖಲೆಯಲ್ಲಿದೆ. ಅದು ಅಳಿದ ದ್ವೀಪದಲ್ಲೇ ಸುಮಾರು ನೂರಿಪ್ಪತ್ತು ವರ್ಷಗಳ ನಂತರ ಮತ್ತೆ ಹಸಿರು ಗಿಳಿಗಳ ಮೇಲೆ ಗುಂಡು ಹಾರಿತು. ಆ ಸಲ ಕೊಂದವರು ಸಂರಕ್ಷಣಾ ಕಾರ್ಯಕರ್ತರು, ಸತ್ತದ್ದು ನಮ್ಮೂರಿನ ಗಿಳಿ.

ಕೊರಳಿಗೆ ಪಟ್ಟಿಯಿಲ್ಲದ ಗಿಳಿ

ಸೀಶೆಲ್ಸ್ ಇರುವುದು ಹಿಂದೂ ಮಹಾಸಾಗರದಲ್ಲಿ, ಆಫ್ರಿಕಾದ ಪೂರ್ವ ಕರಾವಳಿಯಿಂದ ಸುಮಾರು 1,500 ಕಿಲೋಮೀಟರ್ ಆಚೆ. ಅದರ ಮುಖ್ಯ ದ್ವೀಪ ಮಾಹೆ (ಕೇರಳದ ಕರಾವಳಿಯ ಮಾಹೆಯಲ್ಲ). ಉದ್ದ ಸುಮಾರು 28 ಕಿಲೋಮೀಟರ್, ವಿಸ್ತೀರ್ಣ 157 ಚದರ ಕಿಲೋಮೀಟರ್. ಬೆಂಗಳೂರು ಮಹಾನಗರದ ಐದನೇ ಒಂದು ಭಾಗದಷ್ಟು ನೆಲ. ಈ ಗಿಳಿ ಇದ್ದದ್ದು ಇಲ್ಲಿ ಮತ್ತು ಪಕ್ಕದ ಇನ್ನೂ ಚಿಕ್ಕದಾದ ಸಿಲುಯೆಟ್ ದ್ವೀಪದಲ್ಲಿ. ಪ್ರಾಸ್ಲಿನ್ ದ್ವೀಪದಲ್ಲೂ ಇದ್ದಿರಬಹುದು. ಜಗತ್ತಿನ ಬೇರೆಲ್ಲೂ ಇರಲಿಲ್ಲ.

ಕೊಕ್ಕಿನಿಂದ ಬಾಲದ ತುದಿಗೆ ಸುಮಾರು 41 ಸೆಂಟಿಮೀಟರ್ ಉದ್ದದ ಹಸಿರು ಹಕ್ಕಿ. ರೆಕ್ಕೆಯ ಬುಡದಲ್ಲಿ ದೊಡ್ಡ ಕೆಂಪು ಮಚ್ಚೆ, ಗಂಡಿನ ಕೆನ್ನೆಗೆ ಕಪ್ಪು ಗೆರೆ. ಭಾರತದಲ್ಲಿ ಕಾಣಸಿಗುವ ಅಲೆಕ್ಸಾಂಡ್ರೈನ್ ಗಿಳಿಗೂ ಇದೇ ಕೆಂಪು ಮಚ್ಚೆ ಇದೆ. ಆದರೆ ಅಲೆಕ್ಸಾಂಡ್ರೈನ್ ಗಂಡುಗಿಳಿಯ ಕೊರಳ ಹಿಂಭಾಗದ ಗುಲಾಬಿ ಪಟ್ಟಿ ಸೀಶೆಲ್ಸ್ ಗಿಳಿಗೆ ಇರಲಿಲ್ಲ. ನೆಂಟಸ್ತಿಕೆ ಕೇವಲ ಹೋಲಿಕೆಯದಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಉಳಿದ ಬೆರಳೆಣಿಕೆಯ ಚರ್ಮಗಳಿಂದ ತೆಗೆದ ಡಿಎನ್‌ಎಯನ್ನು 2011ರಲ್ಲಿ ಪರಿಶೀಲಿಸಿದಾಗ ಈ ಹಕ್ಕಿ ಅಲೆಕ್ಸಾಂಡ್ರೈನ್ ಗಿಳಿಯ ವಂಶಕ್ಕೇ ಸೇರಿದ್ದು ಎಂಬುದು ಖಚಿತವಾಯಿತು. ಎಂದೋ ಏಷ್ಯಾದ ಕಡೆಯಿಂದ ಸಮುದ್ರ ದಾಟಿ ಬಂದು ನೆಲೆಸಿದ ಗಿಳಿಗಳ ಸಂತತಿ ದ್ವೀಪದಲ್ಲಿ ತನ್ನದೇ ರೂಪ ಪಡೆದಿತ್ತು.

ಇದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿದ್ದು 1867ರಲ್ಲಿ. ಹೆಸರಿಟ್ಟವರು ಎಡ್ವರ್ಡ್ ನ್ಯೂಟನ್. ಮಾದರಿಗಳನ್ನು ಒದಗಿಸಿದ ಬ್ರಿಟಿಷ್ ಆಡಳಿತಾಧಿಕಾರಿ ಸ್ವಿನ್‌ಬರ್ನ್ ವಾರ್ಡ್ ಅವರ ನೆನಪಿಗೆ 'ವಾರ್ಡಿ' ಎಂದು ಕರೆದರು. ಐದು ವರ್ಷಗಳ ನಂತರ ಎಡ್ವರ್ಡ್ ಅವರ ಅಣ್ಣ ಆಲ್ಫ್ರೆಡ್ ನ್ಯೂಟನ್, ಅದೇ ಸಾಗರದ ರೊಡ್ರಿಗಸ್ ದ್ವೀಪದ ನೀಲಿಬೂದು ಗಿಳಿಗೆ 'ಎಕ್ಸುಲ್' ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅದರ ಅರ್ಥ ಗಡೀಪಾರಾದವನು. ರೊಡ್ರಿಗಸ್ ಗಿಳಿಯ ಎರಡೇ ಎರಡು ಮಾದರಿಗಳು ಕೇಂಬ್ರಿಜ್‌ನಲ್ಲಿ ಉಳಿದಿವೆ. ಎರಡನೆಯದನ್ನು 1875ರಲ್ಲಿ ಹಿಡಿದ ಮೇಲೆ ಆ ಹಕ್ಕಿಯ ಸುದ್ದಿಯೇ ಇಲ್ಲ. ಅಣ್ಣತಮ್ಮಂದಿರಿಬ್ಬರೂ ನಾಮಕರಣ ಮಾಡುವ ಹೊತ್ತಿಗೆ ಎರಡೂ ಗಿಳಿಗಳು ವಿರಳವಾಗಿದ್ದವು.

ಕಾಡು ಹೋಗಿ ತೆಂಗು ಬಂದಾಗ

ಸೀಶೆಲ್ಸ್‌ನಲ್ಲಿ ಮನುಷ್ಯರು ನೆಲೆಯೂರಿದ್ದು 1770ರಲ್ಲಿ. ಅದಕ್ಕೂ ಮೊದಲು ಅಲ್ಲಿ ಶಾಶ್ವತ ಜನವಸತಿ ಇರಲಿಲ್ಲ. ಮೊದಲು ಫ್ರೆಂಚರು, ಆಮೇಲೆ ಬ್ರಿಟಿಷರು ಆಳಿದರು. ಹಡಗಿನ ಮರಮುಟ್ಟಿಗಾಗಿ, ಬೇಸಾಯದ ನೆಲಕ್ಕಾಗಿ ಕಾಡು ಕಡಿಯಲಾಯಿತು. 1835ರಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ತೋಟದ ಮಾಲೀಕರಿಗೆ ಬಿಟ್ಟಿ ದುಡಿಮೆ ತಪ್ಪಿತು. ಹತ್ತಿಯಂಥ ಬೆಳೆಗೆ ಹೆಚ್ಚು ಕೈಗಳು ಬೇಕು. ತೆಂಗಿಗೆ ಅಷ್ಟು ಬೇಡ. ಹೀಗೆ ತೆಂಗಿನ ತೋಟಗಳು ಕಡಲಂಚಿನಿಂದ ಗುಡ್ಡದ ಇಳಿಜಾರಿನವರೆಗೆ ಹಬ್ಬಿದವು.

ಇದರಿಂದ ಗಿಳಿಗೆ ಏನಾಯಿತು ಎಂಬುದನ್ನು ತಿಳಿಯಲು ಪೊಟರೆಯೊಳಗೆ ಇಣುಕಬೇಕು. ಗಿಳಿ ಗೂಡು ಹೆಣೆಯುವುದಿಲ್ಲ. ಹಳೆಯ ಮರದ ಕೊಂಬೆ ಮುರಿದು, ಒಳಗಿನ ತಿರುಳು ಕೊಳೆತು, ದಶಕಗಳ ಮೇಲೆ ಉಂಟಾಗುವ ಪೊಟರೆಯಲ್ಲೇ ಅದು ಮೊಟ್ಟೆ ಇಡಬೇಕು. ನಮ್ಮ ಕಡೆಯ ಗಿಳಿಗಳು ಸುಳಿ ಒಣಗಿ ತಲೆ ಕಳೆದುಕೊಂಡ ತೆಂಗಿನ ಬೊಡ್ಡೆಯಲ್ಲೂ ಮರಿ ಮಾಡುವುದನ್ನು ಹಳ್ಳಿಗರು ಬಲ್ಲರು. ಆದರೆ ಅಚ್ಚುಕಟ್ಟಾಗಿ ನೋಡಿಕೊಂಡ ತೋಟದಲ್ಲಿ ಒಣಬೊಡ್ಡೆಯನ್ನು ಉಳಿಸುವುದಿಲ್ಲ, ಕಡಿದು ಹಾಕುತ್ತಾರೆ. ಆಹಾರ ಬದಲಾದರೆ ಗಿಳಿ ಹೊಂದಿಕೊಳ್ಳಬಲ್ಲದು. ಪೊಟರೆ ಹೋದರೆ ಮರಿಗಳೇ ಇಲ್ಲ. ಗಿಳಿಗಳಿಗೆ ಆಯುಸ್ಸು ಹೆಚ್ಚಾದ್ದರಿಂದ ಮುದಿ ಹಕ್ಕಿಗಳು ಎಷ್ಟೋ ವರ್ಷ ಹಾರಾಡುತ್ತಲೇ ಇರುತ್ತವೆ, ನೋಡಿದವರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ಕಾಡಿನ ಹಣ್ಣು ಕಡಿಮೆಯಾದಾಗ ಸೀಶೆಲ್ಸ್ ಗಿಳಿ ಹೊಲಕ್ಕಿಳಿಯಿತು. ಮುಸುಕಿನ ಜೋಳದ ತೆನೆ, ತೋಟದ ಮಾಗಿದ ಹಣ್ಣು ಅದಕ್ಕೆ ಒಗ್ಗಿದವು. ಅಲ್ಲಿಗೆ ಅದರ ಹೆಸರು ಪೀಡೆಗಳ ಸಾಲಿಗೆ ಸೇರಿತು.

ರೈತನನ್ನು ದೂರಬಹುದೇ?

1811ರಲ್ಲಿ ಈ ಗಿಳಿ ಧಾರಾಳವಾಗಿತ್ತು. 1867ರ ಹೊತ್ತಿಗೆ, ಒಂದು ಮನುಷ್ಯಾಯುಷ್ಯದೊಳಗೆ, ಬೆಳೆ ಉಳಿಸಿಕೊಳ್ಳಲು ಹೊಡೆದು ಹೊಡೆದು ಅಪರೂಪವಾಗಿತ್ತು. ಪಂಜರದ ಹಕ್ಕಿಯಾಗಿಯೂ ಹಿಡಿಯುತ್ತಿದ್ದರು. 1883ರಲ್ಲಿ ಸೀಶೆಲ್ಸ್‌ಗೆ ಬಂದ ಇಂಗ್ಲಿಷ್ ಚಿತ್ರಕಲಾವಿದೆ ಮೇರಿಯಾನ್ ನಾರ್ತ್ ಇಂಥ ಸಾಕಿದ ಗಿಳಿಗಳನ್ನು ಎದುರಿಗಿಟ್ಟುಕೊಂಡು ಚಿತ್ರ ಬರೆದರು. ಆ ಗಿಳಿಗಳನ್ನು ತಂದದ್ದು ಸಿಲುಯೆಟ್ ದ್ವೀಪದಿಂದ. ಹತ್ತು ವರ್ಷಗಳ ನಂತರ, 1893ರಲ್ಲಿ, ಅಮೆರಿಕದ ಸಂಗ್ರಾಹಕ ವಿಲಿಯಂ ಲೂಯಿಸ್ ಅಬಟ್ ಮಾಹೆಯಲ್ಲಿ ಹೊಡೆದ ಹಕ್ಕಿಗಳೇ ಕೊನೆಯ ಖಚಿತ ದಾಖಲೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ.

ಅಳಿವಿನ ಕಥೆ ಹೇಳುವವರು ಇಲ್ಲಿ ರೈತನನ್ನು ಕಟಕಟೆಗೆ ತಂದು ನಿಲ್ಲಿಸಿ ಮುಗಿಸಿಬಿಡುತ್ತಾರೆ. ಅದು ನ್ಯಾಯವಲ್ಲ. ಗಿಳಿ ಒಂದು ತೆನೆಯನ್ನು ಪೂರ್ತಿ ತಿಂದು ಇನ್ನೊಂದಕ್ಕೆ ಹೋಗುವ ಹಕ್ಕಿಯಲ್ಲ. ಇಲ್ಲಿ ನಾಲ್ಕು ಕಾಳು ಕುಕ್ಕಿ, ಅಲ್ಲಿ ಸಿಪ್ಪೆ ಸುಲಿದು, ತಿಂದದ್ದಕ್ಕಿಂತ ಹೆಚ್ಚನ್ನು ಉದುರಿಸುತ್ತದೆ. ಹಾವೇರಿ, ದಾವಣಗೆರೆಯ ಜೋಳದ ಹೊಲಗಳಲ್ಲಿ, ಸೂರ್ಯಕಾಂತಿಯ ಸಾಲುಗಳಲ್ಲಿ ಬೆಳಗಿನ ಜಾವವೇ ಡಬ್ಬ ಬಡಿಯುತ್ತ, ಕವಣೆ ಬೀಸುತ್ತ ಕಾವಲು ಕಾಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಗುಲಾಮಗಿರಿಯಿಂದ ಆಗಷ್ಟೇ ಬಿಡುಗಡೆಯಾಗಿ ತುಂಡು ಹೊಲ ಮಾಡಿಕೊಂಡವನಿಗೆ ಒಂದು ಹಿಂಡಿನ ದಾಳಿ ಎಂದರೆ ಒಂದು ತಿಂಗಳ ಊಟ.

ಹಾಗಾದರೆ ನಮ್ಮ ಗಿಳಿ ಉಳಿದು ಅಲ್ಲಿನ ಗಿಳಿ ಅಳಿದದ್ದೇಕೆ? ವ್ಯತ್ಯಾಸ ಇರುವುದು ಭೂಪಟದಲ್ಲಿ. ಒಂದು ತಾಲ್ಲೂಕಿನಲ್ಲಿ ಗಿಳಿಗಳು ಕಡಿಮೆಯಾದರೆ ಪಕ್ಕದ ತಾಲ್ಲೂಕಿನಿಂದ ಮರುವರ್ಷ ಬಂದು ತುಂಬಿಕೊಳ್ಳುತ್ತವೆ. ಮಾಹೆಗೆ ಪಕ್ಕದ ತಾಲ್ಲೂಕಿಲ್ಲ, ಸುತ್ತ ಸಮುದ್ರ. ವರ್ಷಕ್ಕೆ ಒಮ್ಮೆ ಎರಡು ಮೂರು ಮೊಟ್ಟೆ ಇಡುವ ಹಕ್ಕಿಯಲ್ಲಿ ಹುಟ್ಟಿಗಿಂತ ಸಾವು ಒಂದಿಷ್ಟು ಹೆಚ್ಚಾದರೂ ಸಾಕು, ಲೆಕ್ಕ ಪ್ರತಿವರ್ಷ ಕೆಳಗಿಳಿಯುತ್ತದೆ. ಗಿಳಿಯನ್ನು ನಿರ್ನಾಮ ಮಾಡುತ್ತೇನೆಂದು ಯಾರೂ ಹೊರಟಿರಲಿಲ್ಲ. ಪ್ರತಿಯೊಬ್ಬನೂ ತನ್ನ ಹೊಲದ ಗಿಳಿಯನ್ನಷ್ಟೇ ಹೊಡೆದ, ಉಳಿದವು ಗುಡ್ಡದಲ್ಲಿವೆ ಎಂದುಕೊಂಡ. ಹಕ್ಕಿ ಅಪರೂಪವಾದಾಗ ಸಂಗ್ರಾಹಕರ ಕಣ್ಣಿಗೆ ಅದರ ಬೆಲೆ ಏರಿತು. ಕೊನೆಯ ಗುಂಡುಗಳು ಹಾರಿದ್ದು ತೆನೆಗಾಗಿ ಅಲ್ಲ, ಸಂಗ್ರಹಾಲಯದ ಪೆಟ್ಟಿಗೆಗಾಗಿ. ಇಡೀ ಪ್ರಸಂಗದಲ್ಲಿ ಅತ್ಯಂತ ನೋವು ಕೊಡುವ ಸಂಗತಿ ಇದು.

ಖಾಲಿ ಜಾಗಕ್ಕೆ ಬಂದ ನಮ್ಮ ಗಿಳಿ

1970ರ ದಶಕದಲ್ಲಿ ಮಾಹೆಯ ಆಕಾಶದಲ್ಲಿ ಮತ್ತೆ ಹಸಿರು ಗಿಳಿಗಳು ಕಂಡವು. ಅಳಿದ ಹಕ್ಕಿ ಮರಳಿತೆಂದು ಆಸೆಪಡುವಂತಿರಲಿಲ್ಲ, ಅವುಗಳ ಕೊರಳಿಗೆ ಗುಲಾಬಿ ಪಟ್ಟಿಯಿತ್ತು. ಅವು ಅಲೆಕ್ಸಾಂಡ್ರೈನ್ ಗಿಳಿಗಳೂ ಅಲ್ಲ; ಪಂಜರದಿಂದ ತಪ್ಪಿಸಿಕೊಂಡ, ನಮ್ಮ ಊರಿನ ಆಲದ ಮರದಲ್ಲಿ ಸಂಜೆ ಗದ್ದಲವೆಬ್ಬಿಸುವ ಗುಲಾಬಿ ಕೊರಳಿನ ಗಿಳಿಯ ಜಾತಿಯವೇ. ಲಂಡನ್, ಬ್ರಸೆಲ್ಸ್‌ನಂಥ ಚಳಿಯ ನಗರಗಳಲ್ಲೂ ಸಂಸಾರ ಹೂಡಿರುವ ಗಟ್ಟಿ ಹಕ್ಕಿ ಇದು. ಮಾಹೆಯಲ್ಲಿ ಕೆಲವೇ ದಶಕಗಳಲ್ಲಿ ಕೆಲವು ನೂರಾದವು.

ಇದರಲ್ಲಿ ಕೆಡುಕೇನು? ಮಾಹೆಯಿಂದ ಸುಮಾರು 45 ಕಿಲೋಮೀಟರ್ ದೂರದ ಪ್ರಾಸ್ಲಿನ್‌ನಲ್ಲಿ ಸೀಶೆಲ್ಸ್‌ನ ಮತ್ತೊಂದು ಗಿಳಿ ಬದುಕಿದೆ. ಬಣ್ಣ ಕಂದುಗಪ್ಪು, ಸ್ಥಳೀಯ ಕ್ರಿಯೋಲ್ ಭಾಷೆಯಲ್ಲಿ ಕಾಟೊ ನ್ವಾರ್, ಅಂದರೆ ಕರಿಗಿಳಿ. ಅದು ದೇಶದ ರಾಷ್ಟ್ರಪಕ್ಷಿ. ಎಣಿಕೆಯಲ್ಲಿ ಐನೂರರಿಂದ ಒಂಬೈನೂರರ ನಡುವೆ. ಮರಿ ಮಾಡುವುದು ಮುಖ್ಯವಾಗಿ ವ್ಯಾಲೆ ದ ಮೈ ಎಂಬ ವಿಶ್ವಪರಂಪರೆಯ ತಾಣದ ಸುತ್ತಮುತ್ತ, ಜೋಡಿ ತೆಂಗಿನಕಾಯಿಯ ಕಾಡಿನಲ್ಲಿ, ಸತ್ತು ನಿಂತ ತಾಳೆಜಾತಿಯ ಮರಗಳ ಟೊಳ್ಳುಗಳಲ್ಲಿ. ಗುಲಾಬಿ ಕೊರಳಿನ ಗಿಳಿಗಳು ಈ ದ್ವೀಪಕ್ಕೆ ಹಾರಿದರೆ ಎರಡು ಅಪಾಯ. ಮೊದಲನೆಯದು ಪೊಟರೆಯ ಜಗಳ. ಸ್ಪೇನ್‌ನ ಸೆವಿಲ್ ನಗರದ ಉದ್ಯಾನವೊಂದರಲ್ಲಿ ಇದೇ ಗಿಳಿಗಳು ಪೊಟರೆಗಾಗಿ ಅಪರೂಪದ ದೊಡ್ಡ ಬಾವಲಿಗಳನ್ನು ಕಚ್ಚಿ ಓಡಿಸಿದ್ದು, ಕೊಂದದ್ದು ದಾಖಲಾಗಿದೆ. ಎರಡನೆಯದು ಕೊಕ್ಕು ಮತ್ತು ಗರಿಗಳ ರೋಗ. ಇದರ ವೈರಸ್ ಹಿಕ್ಕೆಯಿಂದ, ಗರಿಯ ಧೂಳಿನಿಂದ ಹರಡುತ್ತದೆ, ಪೊಟರೆಯಲ್ಲಿ ಬಹುಕಾಲ ಉಳಿಯುತ್ತದೆ. ಗರಿ ಉದುರಿ, ಕೊಕ್ಕು ವಿಕಾರವಾಗಿ ಹಕ್ಕಿ ಸಾಯುತ್ತದೆ. ಒಂದೇ ದ್ವೀಪದ ಕೆಲವು ನೂರು ಹಕ್ಕಿಗಳಿಗೆ ಇಂಥ ಸೋಂಕು ತಗುಲಿದರೆ ಓಡಿಹೋಗಲು ಜಾಗವಿಲ್ಲ.

ಆದ್ದರಿಂದ 2010ರ ದಶಕದಲ್ಲಿ ಸೀಶೆಲ್ಸ್ ಐಲ್ಯಾಂಡ್ಸ್ ಫೌಂಡೇಶನ್ ಮಾಹೆಯ ಗಿಳಿಗಳನ್ನು ಪೂರ್ತಿ ತೆಗೆದುಹಾಕುವ ಕಾರ್ಯಾಚರಣೆ ಕೈಗೊಂಡಿತು. ಮುಖ್ಯವಾಗಿ ಬಂದೂಕಿನಿಂದ 500ಕ್ಕೂ ಹೆಚ್ಚು ಹಕ್ಕಿಗಳನ್ನು ಕೊಲ್ಲಲಾಯಿತು. ಉಳಿದ ಒಂದೊಂದನ್ನೂ ಹುಡುಕಲು, ಕಂಡರೆ ತಿಳಿಸಿ ಎಂದು ಜನರನ್ನು ಕೇಳಿಕೊಳ್ಳಲಾಯಿತು.

ಕೊಲ್ಲಲೇಬೇಕಿತ್ತೇ?

ಪ್ರಾಣಿದಯೆಯ ಪಕ್ಷದವರ ವಾದವನ್ನು ತಳ್ಳಿಹಾಕಲಾಗದು. ಆ ಗಿಳಿಗಳು ತಾವಾಗಿ ಬಂದವಲ್ಲ. ಮನುಷ್ಯ ಹಿಡಿದ, ಮಾರಿದ, ಹಡಗಿನಲ್ಲೋ ವಿಮಾನದಲ್ಲೋ ಒಯ್ದ, ಕೈಜಾರಿದಾಗ ಹೊಡೆದ. ಶಿಕ್ಷೆ ಹಕ್ಕಿಗೆ. ಹಿಡಿದು ಪಂಜರದಲ್ಲಿ ಇಡಬಹುದಿತ್ತಲ್ಲ ಎಂಬ ಪ್ರಶ್ನೆಯೂ ಇದೆ. ಇನ್ನು ಕೆಲವರು ಪರಿಸರದ ನೆಲೆಯಿಂದಲೇ ಆಕ್ಷೇಪಿಸುತ್ತಾರೆ: ಹಸಿರು ಗಿಳಿಯ ಜಾಗ ಹೇಗೂ ಖಾಲಿಯಿತ್ತು, ಅದರ ದಾಯಾದಿ ಬಂದು ತುಂಬಿದರೆ ದ್ವೀಪಕ್ಕೆ ಲಾಭವೇ ಅಲ್ಲವೇ?

ಕೊನೆಯ ಮಾತು ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ಸೀಶೆಲ್ಸ್ ಗಿಳಿ ಮತ್ತು ಕರಿಗಿಳಿ ಸಾವಿರಾರು ವರ್ಷ ಒಂದೇ ದ್ವೀಪಸಮೂಹದಲ್ಲಿ ಹೊಂದಿಕೊಂಡು ಬಾಳಿದ್ದವು. ಪಂಜರದ ಗಿಳಿಯೊಂದಿಗೆ ಬರುವ ರೋಗವನ್ನಾಗಲಿ ಅದರ ಪೈಪೋಟಿಯನ್ನಾಗಲಿ ಕರಿಗಿಳಿ ಎಂದೂ ಎದುರಿಸಿದ್ದಲ್ಲ. ಹಿಡಿದು ಸಾಕುವ ಸಲಹೆಗೂ ತೊಡಕಿದೆ: ಗಿಳಿ ಬುದ್ಧಿವಂತ ಹಕ್ಕಿ, ಜೊತೆಯವು ಬಲೆಗೆ ಬಿದ್ದದ್ದನ್ನು ಕಂಡ ಮೇಲೆ ಉಳಿದವು ಹತ್ತಿರ ಸುಳಿಯುವುದಿಲ್ಲ. ಒಂದು ಜೋಡಿ ಉಳಿದರೂ ಇಪ್ಪತ್ತು ವರ್ಷದಲ್ಲಿ ಕೆಲಸ ಮೊದಲಿನಿಂದ ಶುರು, ಮತ್ತಷ್ಟು ಹಕ್ಕಿಗಳ ಸಾವು. ಸಂಖ್ಯೆ ನೂರುಗಳಲ್ಲಿದ್ದಾಗ ಕೊಂದದ್ದು ಸಾವಿರಗಳಲ್ಲಿ ಕೊಲ್ಲುವುದನ್ನು ತಪ್ಪಿಸಿತು. ನಿರ್ಧಾರ ಕ್ರೂರವಾಗಿತ್ತು, ಸರಿಯಾಗಿಯೂ ಇತ್ತು. ಮೊದಲ ಜೋಡಿ ಕಂಡಾಗಲೇ ಎಚ್ಚೆತ್ತಿದ್ದರೆ ಎರಡು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು ಮುಗಿಸಬಹುದಿತ್ತು.

ಸತ್ತ ಗಿಳಿಯನ್ನು ಮರಳಿ ತರಬಹುದೇ?

ಈಗ ಮೊದಲಿನ ಗೊಂದಲಕ್ಕೆ ಬರೋಣ. ಹಕ್ಕಿಯನ್ನು ಡಾಲಿ ಕುರಿಯಂತೆ ತದ್ರೂಪು ಮಾಡಲಾಗದು. ಹಕ್ಕಿಯ ಮೊಟ್ಟೆಯ ರಚನೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಬದಲಿಗೆ ಬದುಕಿರುವ ಹತ್ತಿರದ ನೆಂಟ ಹಕ್ಕಿಯ ಭ್ರೂಣದಿಂದ ಸಂತಾನ ಕೋಶಗಳನ್ನು ತೆಗೆದು, ಅವುಗಳ ವಂಶವಾಹಿಯಲ್ಲಿ ಅಲ್ಲಲ್ಲಿ ತಿದ್ದುಪಡಿ ಮಾಡಿ, ಇನ್ನೊಂದು ಹಕ್ಕಿಯ ಮೂಲಕ ಮರಿ ಪಡೆಯುವ ದಾರಿ ಹುಡುಕಲಾಗುತ್ತಿದೆ. ಡೋಡೊ ಯೋಜನೆಗೆ ಆಯ್ದುಕೊಂಡ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಸೀಶೆಲ್ಸ್ ಗಿಳಿಗೆ ಹೀಗೆ ಮಾಡಹೊರಟರೆ ಅಲೆಕ್ಸಾಂಡ್ರೈನ್ ಗಿಳಿಯೇ ಆಧಾರವಾಗಬೇಕು.

ಹುಟ್ಟುವ ಮರಿ ಏನಾಗಿರುತ್ತದೆ? ಡೈರ್ ತೋಳದ ಪ್ರಸಂಗ ಇದನ್ನು ಸ್ಪಷ್ಟಪಡಿಸಿದೆ. ಬೂದು ತೋಳದ 14 ಜೀನ್‌ಗಳಲ್ಲಿ 20 ತಿದ್ದುಪಡಿ ಮಾಡಲಾಗಿತ್ತು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಶ್ವಾನಕುಲದ ತಜ್ಞರು, ಇವು ಡೈರ್ ತೋಳಗಳಲ್ಲ ಎಂದು ಹೇಳಿದರು. ಹಾಗೆಯೇ ಅಲೆಕ್ಸಾಂಡ್ರೈನ್ ಗಿಳಿಯ ಕೊರಳ ಪಟ್ಟಿ ಅಳಿಸಿದರೆ ಸಿಗುವುದು ಪಟ್ಟಿಯಿಲ್ಲದ ಅಲೆಕ್ಸಾಂಡ್ರೈನ್. ಗಿಳಿಗಳಲ್ಲಂತೂ ಜೀನ್‌ಗಿಂತ ಆಚೆಗೂ ಬಹಳವಿದೆ. ಕೂಗು, ಹಣ್ಣಿನ ಮರಗಳ ದಾರಿ, ಗಿಡುಗ ಕಂಡಾಗ ಏನು ಮಾಡಬೇಕೆಂಬ ಅರಿವು, ಇವನ್ನೆಲ್ಲ ಮರಿ ಹಿಂಡಿನಿಂದ ಕಲಿಯುತ್ತದೆ. ಆ ಹಿಂಡು ನೂರು ವರ್ಷಗಳ ಹಿಂದೆಯೇ ಮುಗಿದಿದೆ, ಅದರ ಕೂಗು ಹೇಗಿತ್ತೆಂದು ಕೇಳಿ ಬಲ್ಲವರೂ ಇಲ್ಲ.

ಬೆಂಬಲಿಗರ ಉತ್ತರಕ್ಕೂ ಕಿವಿಗೊಡಬೇಕು. ಈ ತಂತ್ರ ಪಳಗಿದರೆ, ಒಳಸಂತಾನದಿಂದ ಸೊರಗಿರುವ ಜೀವಂತ ಹಕ್ಕಿಗಳಿಗೆ ಹಳೆಯ ಮಾದರಿಗಳಲ್ಲಿರುವ ವಂಶವಾಹಿ ವೈವಿಧ್ಯವನ್ನು ಮರಳಿ ಕೊಡಬಹುದು ಎನ್ನುತ್ತಾರೆ. ಮಾರಿಷಸ್‌ನ ಗುಲಾಬಿ ಪಾರಿವಾಳದ ಹೆಸರು ಈ ಸಂದರ್ಭದಲ್ಲಿ ಕೇಳಿಬರುತ್ತದೆ. ಇದು ನಿಜವಾದ ಪ್ರಯೋಜನ, ಆಗಲಿ. ಆದರೆ ಅದನ್ನು ಅಳಿದ ಜೀವಿಯ ಮರುಜನ್ಮವೆಂದು ಕರೆದಾಗ ಓದುಗರಿಗೆ ತಪ್ಪು ಸಂದೇಶ ಹೋಗುತ್ತದೆ. ಕೆಟ್ಟರೆ ರಿಪೇರಿ ಇದೆ ಎಂಬ ಧೈರ್ಯದಲ್ಲಿ ಕಾಡು ಕಡಿಯುವ ಕಡತಕ್ಕೆ ಸಹಿ ಹಾಕುವುದು ಸುಲಭವಾಗುತ್ತದೆ.

ತಿದ್ದುಪಡಿಯ ಗೊಡವೆಯೇ ಬೇಡ, ಅಲೆಕ್ಸಾಂಡ್ರೈನ್ ಗಿಳಿಗಳನ್ನೇ ಸಿಲುಯೆಟ್‌ಗೆ ಒಯ್ದು ಬಿಡಬಹುದಲ್ಲ ಎಂದೂ ಕೇಳಬಹುದು. ಅಳಿದ ಆಮೆಗಳ ಜಾಗಕ್ಕೆ ಸೀಶೆಲ್ಸ್‌ನದೇ ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಮಾರಿಷಸ್‌ನ ಪುಟ್ಟ ದ್ವೀಪಗಳಲ್ಲಿ ಬಿಟ್ಟು ಒಳ್ಳೆಯ ಫಲ ಕಂಡ ನಿದರ್ಶನವೂ ಇದೆ. ಆಮೆಗೆ ಬೇಲಿ ಹಾಕಬಹುದು, ಬೇಡವಾದರೆ ಎತ್ತಿಕೊಂಡು ಬರಬಹುದು. ಗಿಳಿಗೆ ಎರಡೂ ಸಾಧ್ಯವಿಲ್ಲ. ಸಿಲುಯೆಟ್‌ನಿಂದ ಮಾಹೆಗೆ, ಅಲ್ಲಿಂದ ಪ್ರಾಸ್ಲಿನ್‌ಗೆ, ಹೀಗೆ ಕರಿಗಿಳಿಯ ಪೊಟರೆಗೆ ಮತ್ತದೇ ಅಪಾಯ. ಅಲ್ಲದೆ ಆ ಅಲೆಕ್ಸಾಂಡ್ರೈನ್ ಗಿಳಿಯೇ ಇಂದು ಕೆಂಪು ಪಟ್ಟಿಯಲ್ಲಿ ಅಳಿವಿನಂಚಿಗೆ ಸಮೀಪಿಸಿದ ಹಕ್ಕಿ. ಪೊಟರೆಯಿಂದ ಮರಿ ಕಿತ್ತು ಸಂತೆಯಲ್ಲಿ ಮಾರುವ ದಂಧೆ ಅದಕ್ಕೆ ದೊಡ್ಡ ಕಂಟಕ. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದೇಸಿ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಆದರೂ ಬಟ್ಟೆ ಮುಚ್ಚಿದ ಪಂಜರಗಳು ಕೈ ಬದಲಾಯಿಸುತ್ತಲೇ ಇವೆ. ಸೀಶೆಲ್ಸ್ ಗಿಳಿಯ ರಕ್ತದ ಹತ್ತಿರ ಜಗತ್ತಿನಲ್ಲಿ ಉಳಿದಿರುವುದು ಈ ಹಕ್ಕಿಯೊಂದೇ.

ಮಾರಿಷಸ್ ಹಿಡಿದ ದಾರಿ

ಪಶ್ಚಿಮ ಹಿಂದೂ ಮಹಾಸಾಗರದ ದ್ವೀಪಗಳ ಹಸಿರು ಗಿಳಿಗಳಲ್ಲಿ ಬದುಕುಳಿದದ್ದು ಮಾರಿಷಸ್‌ನ ಎಕೋ ಗಿಳಿ ಮಾತ್ರ. 1980ರ ದಶಕದಲ್ಲಿ ಹತ್ತು ಹನ್ನೆರಡಕ್ಕೆ ಇಳಿದಿತ್ತು. ಅದರಲ್ಲೂ ಹೆಣ್ಣುಗಳು ಮೂರೋ ನಾಲ್ಕೋ. ಅದನ್ನು ಉಳಿಸಿದ ವಿಧಾನದಲ್ಲಿ ಸುದ್ದಿಯಾಗುವಂಥ ಬೆರಗು ಏನಿಲ್ಲ. ಕಾರ್ಯಕರ್ತರು ಮರ ಹತ್ತಿ ಪೊಟರೆಯ ಬಾಯಿಗೆ ಮಳೆನೀರು ನುಗ್ಗದಂತೆ ಮರೆ ಕಟ್ಟಿದರು, ಇಲಿ ಏರದಂತೆ ತಡೆದರು, ಪೊಟರೆ ಸಾಲದಾದಾಗ ಮರದ ಪೆಟ್ಟಿಗೆ ತೂಗಿದರು. ಕಾಡಿನಲ್ಲಿ ಹಣ್ಣು ಕಡಿಮೆಯಾದ ದಿನಗಳಲ್ಲಿ ಮೇವು ಇಟ್ಟರು. ಸೊರಗುವ ಮರಿಗಳನ್ನು ತಂದು ಕೈತುತ್ತು ಕೊಟ್ಟು ಬೆಳೆಸಿ ಮತ್ತೆ ಬಿಟ್ಟರು. ಇದು ಎರಡು ಮೂರು ದಶಕ ಒಂದೇ ಸಮನೆ ನಡೆಯಿತು, ನಡುವೆ 2005ರ ಹೊತ್ತಿಗೆ ಕೊಕ್ಕು-ಗರಿ ರೋಗದ ಹೊಡೆತವೂ ಬಿತ್ತು. ಇಂದು ಆ ಗಿಳಿಗಳ ಸಂಖ್ಯೆ ಸುಮಾರು 750. ಅತ್ಯಂತ ಅಪಾಯದ ದರ್ಜೆಯಿಂದ 2007ರಲ್ಲಿ ಒಂದು ಮೆಟ್ಟಿಲು, 2019ರಲ್ಲಿ ಇನ್ನೊಂದು ಮೆಟ್ಟಿಲು ಮೇಲೇರಿತು. ಮಾರಿಷಸ್‌ಗೂ ಗುಲಾಬಿ ಕೊರಳಿನ ಗಿಳಿ ಹತ್ತೊಂಬತ್ತನೇ ಶತಮಾನದಲ್ಲೇ ಬಂದು ಸೇರಿದೆ. ಅದು ಬಂದೂಕಿಗೆ ಮುಗಿಯದಷ್ಟು ಹೆಚ್ಚಿದೆ, ಹಾಗಾಗಿ ಎಕೋ ಗಿಳಿಗೆ ಕಾವಲು ಮುಂದೆಯೂ ತಪ್ಪುವುದಿಲ್ಲ.

ಪ್ರಾಸ್ಲಿನ್‌ನಲ್ಲಿ ಕರಿಗಿಳಿಗೆ ಈಗ ನಡೆಯುತ್ತಿರುವುದೂ ಇಂಥದೇ ಸಣ್ಣ ಕೆಲಸ. ಸತ್ತ ತಾಳೆಮರಗಳನ್ನು ಕಡಿಯದೆ ಬಿಡುತ್ತಾರೆ. ಮರಿ ಮಾಡುವ ಕಾಲದಲ್ಲಿ ಒಂದೊಂದು ಟೊಳ್ಳನ್ನೂ ಹೋಗಿ ನೋಡಿ, ಮೊಟ್ಟೆ ಎಷ್ಟು, ಮರಿ ಎಷ್ಟು, ಇಲಿಯ ಪಾಲಾದದ್ದೆಷ್ಟು ಎಂದು ಬರೆದಿಡುತ್ತಾರೆ. ಮಾಹೆಯ ಹಸಿರು ಗಿಳಿಗೂ ಕ್ರಿಯೋಲ್‌ನಲ್ಲಿ ಹೆಸರಿತ್ತು, ಕಾಟೊ ವೇರ್. 1811ರಿಂದ 1893ರವರೆಗಿನ ಎಂಬತ್ತೆರಡು ವರ್ಷಗಳಲ್ಲಿ ಅದರ ಒಂದು ಪೊಟರೆಯನ್ನೂ ಯಾರೂ ಹೀಗೆ ಕಾಯಲಿಲ್ಲ.